ಎಡಕ್ಕೆ ಸುತ್ತಿದ ಬಾಣ

ಹುಣಸೂರಿನಿಂದ ಕೋಟೆಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದ ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ. ಆ ಸಂದಿನಿಂದ ಮೊದಲು ಮಳೆಯ ಹನಿ ಬಂತು, ಆಮೇಲೆ ವಾಸನೆ. ಹೊಲಗಳ ನಡುವೆ ಎತ್ತರಕ್ಕೆ ನಿಂತ ಬ್ಯಾರನ್ ಮನೆಗಳಲ್ಲಿ ಹೊಗೆಸೊಪ್ಪು ಒಣಗುವಾಗ ಬರುವ ವಾಸನೆ. ಅರ್ಧ ಬೆಲ್ಲದ ಪಾಕ, ಅರ್ಧ ಒದ್ದೆ ಗೋಣಿಚೀಲ. ಬೇರೆ ಯಾರಿಗಾದರೂ ಅದರಿಂದ ಹೊಲ ನೆನಪಾಗಬಹುದು, ಹರಾಜು ಕಟ್ಟೆ ನೆನಪಾಗಬಹುದು. ನನಗೆ ನೆನಪಾದದ್ದು ಕಂಪ್ಯೂಟರ್ ಪರದೆಯ ಮೇಲೆ ತನ್ನಷ್ಟಕ್ಕೆ ತಾನೇ ಸುತ್ತುತ್ತಿದ್ದ ಒಂದು ಸಣ್ಣ ಬಿಳಿ ಬಾಣ.

ಆ ಬಾಣದ ಕಥೆಯನ್ನು ನಾನು ಪ್ರತಿ ವರ್ಷ ಹೇಳುತ್ತೇನೆ. ಮೈಸೂರಿನ ಒಂದು ಕಾಲೇಜಿನಲ್ಲಿ ಗಣಿತ ಕಲಿಸುವುದು ನನ್ನ ಕೆಲಸ. ಕೋನ, ವೃತ್ತ, ಸೈನು, ಕೊಸೈನು ಎಲ್ಲ ಬಂದು ಹಿಂದಿನ ಬೆಂಚಿನವರು ಆಕಳಿಸಲು ಶುರು ಮಾಡಿದಾಗ, ಕೋಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಹಿಂದೆ ಕಳೆದ ಒಂದು ಮಳೆಗಾಲವನ್ನು ಅವರ ಮುಂದೆ ಇಡುತ್ತೇನೆ. ಕಥೆಯಲ್ಲಿ ನನ್ನ ಚಿಕ್ಕಮ್ಮನ ಕಂಪ್ಯೂಟರ್ ಅಂಗಡಿಗೆ ಪುಟ್ಟಮ್ಮ ಎಂಬ ಮುದುಕಿ ಬರುತ್ತಾಳೆ. ಪರದೆಯನ್ನು ನೋಡುತ್ತಾಳೆ. ಸೊಂಟದ ಮೇಲೆ ಕೈಯಿಟ್ಟು, "ಒಳ್ಳೆ ಕೆಲ್ಸಕ್ಕೆ ಯಾರಾರೂ ಎಡಕ್ಕೆ ಸುತ್ತುಸ್ತಾರ ಅಮ್ಮಿ?" ಎನ್ನುತ್ತಾಳೆ. ಹುಡುಗರು ನಗುತ್ತಾರೆ. ನಾನು ಋಣ ಚಿಹ್ನೆಯ ಮಹಿಮೆ ವಿವರಿಸುತ್ತೇನೆ. ಗಂಟೆ ಹೊಡೆಯುತ್ತದೆ.

ಹೇಳಿ ಹೇಳಿ ಕಥೆಗೆ ನುಣುಪು ಬಂದುಬಿಟ್ಟಿದೆ, ಹೊಳೆಯಲ್ಲಿ ಉರುಳಿದ ಕಲ್ಲಿಗೆ ಬರುವ ಹಾಗೆ. ಅದು ಮೊದಲು ಯಾವ ಬಂಡೆಯ ಯಾವ ಮೂಲೆಯಿಂದ ಒಡೆದದ್ದು ಎಂದು ಈಗ ನೋಡಿ ಹೇಳಲಾಗದು. ಬಸ್ಸು ಒಂದು ತಿರುವು ದಾಟುವಾಗ ವಾಸನೆ ಇನ್ನೊಮ್ಮೆ ನುಗ್ಗಿತು, ಅದರ ಬೆನ್ನಿಗೇ ಒಂದು ಸಂಶಯ. ಆ ಹೊತ್ತಿನಲ್ಲಿ ಪುಟ್ಟಮ್ಮ ಅಂಗಡಿಯಲ್ಲಿ ಇರಲೇ ಇಲ್ಲ. ಅವರು ಕೆರೆ ಏರಿಯ ಮೇಲೆ, ಗೋಣಿಚೀಲದ ಗೊಪ್ಪೆ ಹಾಕಿಕೊಂಡು, ಮಳೆಯಲ್ಲಿ ಫೋನು ಹಿಡಿದು ನಿಂತಿದ್ದರು. ಏರಿಯ ಮೇಲಿದ್ದವರು ಅಂಗಡಿಯೊಳಗಿನ ಪರದೆಯನ್ನು ಹೇಗೆ ನೋಡಿದರು?

ರತ್ನ ಚಿಕ್ಕಮ್ಮ ಆ ವರ್ಷ ಮಳೆ ಹಿಡಿಯುತ್ತಿದ್ದಂತೆ ಅಂಗಳದ ಪಾಚಿಯ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಊರಿನಲ್ಲಿ ಅವಳದೊಂದು ಅಂಗಡಿ ಇತ್ತು. ಜೆರಾಕ್ಸು, ಆನ್‌ಲೈನ್ ಅರ್ಜಿ, ಫೋನಿಗೆ ಕರೆನ್ಸಿ, ಮೂಲೆಯಲ್ಲಿ ಎರಡು ಬಿಸ್ಕತ್ತಿನ ಡಬ್ಬಿ. ಅಂಗಡಿ ಅಂದರೆ ಬಲಗೈ. ಕೆ.ಆರ್. ನಗರದಲ್ಲಿ ಡಿಗ್ರಿ ಮುಗಿಸಿ, ಮುಂದೇನೆಂದು ಗೊತ್ತಿಲ್ಲದೆ ಮನೆಯಲ್ಲಿ ಕೂತಿದ್ದ ನನ್ನನ್ನು ಅಮ್ಮ ಬಸ್ಸು ಹತ್ತಿಸಿದಳು. "ಪಟ್ಟಿ ಬಿಚ್ಚೋ ತನಕ ಇದ್ದು ಬಾ. ಇಲ್ಲಿ ಕೂತು ಗೋಡೆ ನೋಡೋದು ಅಲ್ಲಿ ಕೂತು ನೋಡು" ಅಂದಳು.

ಊರು ತಗ್ಗಿನಲ್ಲಿತ್ತು. ಒಂದು ಕಡೆ ಕಾಡಿನ ಅಂಚು, ಇನ್ನೊಂದು ಕಡೆ ಕೆರೆ ಏರಿ, ನಡುವೆ ಬಟ್ಟಲಿನ ತಳದ ಹಾಗೆ ಮನೆಗಳು. ಅಂಗಡಿಗೆ ಇಂಟರ್ನೆಟ್ಟು ಕೋಟೆಯಿಂದ ಲೈಟುಕಂಬಗಳ ಮೇಲೆ ತಂತಿಯಲ್ಲಿ ಬರುತ್ತಿತ್ತು. ಫೋನಿನ ಸಿಗ್ನಲ್ಲು ಮಾತ್ರ ತಗ್ಗಿಗೆ ಇಳಿಯುತ್ತಿರಲಿಲ್ಲ. ಯಾವ ಅರ್ಜಿ ಹಾಕಿದರೂ ಫೋನಿಗೆ ಓಟಿಪಿ ಬರಬೇಕು, ಓಟಿಪಿ ಬರಬೇಕಾದರೆ ಫೋನು ಏರಿ ಹತ್ತಬೇಕು. ಹಾಗಾಗಿ ಊರಲ್ಲಿ ಒಂದು ಪದ್ಧತಿ ಬೆಳೆದಿತ್ತು. ಒಬ್ಬರು ಫೋನು ಹಿಡಿದು ಏರಿಯ ಹೊಂಗೆ ಮರದ ಬುಡಕ್ಕೆ ಹೋಗುವುದು, ಸಂಖ್ಯೆ ಬಂದ ಕೂಡಲೇ ಅಲ್ಲಿಂದಲೇ ಕೂಗುವುದು. ಅಂಗಡಿಯ ಬಾಗಿಲಲ್ಲಿ ನಿಂತ ಚಿಕ್ಕಮ್ಮ ಅದನ್ನು ಕೇಳಿಸಿಕೊಂಡು ಎಡಗೈಯಲ್ಲಿ ಪೆನ್ನು ಹಿಡಿದು ಬಲಗೈಯ ಪ್ಲಾಸ್ಟರಿನ ಮೇಲೇ ಬರೆದುಕೊಂಡು ಒಳಗೆ ಓಡಿ ಬರುವುದು. ಪಟ್ಟಿ ಬಿಚ್ಚುವ ಹೊತ್ತಿಗೆ ಊರಿನ ಓಟಿಪಿಗಳೆಲ್ಲ ಅವಳ ಕೈಮೇಲೆ ಒಂದರ ಮೇಲೊಂದು ಬಿದ್ದುಕೊಂಡಿದ್ದವು.

ಇದರಲ್ಲಿ ಒಂದು ತೊಡಕಿತ್ತು. ಓಟಿಪಿ ಏರಿ ಹತ್ತಿ, ಕೂಗಾಗಿ ಇಳಿದು ಬರುವಷ್ಟರಲ್ಲಿ ಇಲ್ಲಿ ಅರ್ಜಿಯ ಪುಟ, ಯಾರೂ ಇಲ್ಲವೆಂದುಕೊಂಡು, ಬಾಗಿಲು ಹಾಕಿಕೊಳ್ಳುತ್ತಿತ್ತು. ಮೌಸು ಅಲುಗಾಡುತ್ತಿದ್ದರೆ ಮಾತ್ರ ಯಾರೋ ಇದ್ದಾರೆಂದು ನಂಬುತ್ತಿತ್ತು. ಅದಕ್ಕಾಗಿ ಒಬ್ಬರು ಸುಮ್ಮನೆ ಕೂತು ಮೌಸು ಆಡಿಸುತ್ತಿರಬೇಕಿತ್ತು. ಚಿಕ್ಕಮ್ಮ ಅದನ್ನು "ಹಿಟ್ಟು ತೊಳಸೋದು" ಅನ್ನುತ್ತಿದ್ದಳು. ಮುದ್ದೆ ತೊಳಸುವ ಕೋಲಿನ ಹಾಗೆ ಕೈ ಸುತ್ತ ತಿರುಗುತ್ತಿತ್ತಲ್ಲ, ಅದಕ್ಕೆ. ಜೆರಾಕ್ಸಿಗೆ ಬಂದವರನ್ನೂ ಹಿಡಿದು ಕೂರಿಸುತ್ತಿದ್ದಳು. "ವಸಿ ಹಿಟ್ಟು ತೊಳಸ್ತಾ ಇರಿ, ನಿಮ್ ಕಾಪಿ ತೆಗ್ದುಕೊಡ್ತೀನಿ."

ನಾನು ಬಂದ ಮೇಲೆ ತೊಳಸುವುದು ನನ್ನ ಪಾಲಿಗೆ ಬಂತು. ಹೊರಗೆ ಸೋನೆ. ಏರಿಯ ಕಡೆಯಿಂದ ಏನೂ ಇಲ್ಲ. ಕೈ ತಿರುಗುತ್ತಿದೆ. ಬಾಣ ತಿರುಗುತ್ತಿದೆ. ಕೈ ಬಾಣವನ್ನು ತಿರುಗಿಸುತ್ತಿದೆಯೋ ಬಾಣ ಕೈಯನ್ನೋ ಎನ್ನಿಸುವಷ್ಟು ಹೊತ್ತು. ಇಂಥ ಒಂದು ಮಧ್ಯಾಹ್ನ ಕೈ ತೆಗೆದುಬಿಟ್ಟು, ಬಾಣ ತಾನೇ ತಿರುಗುವ ಹಾಗೆ ಹತ್ತಾರು ಸಾಲಿನ ಪ್ರೋಗ್ರಾಂ ಬರೆದೆ.

ಅದು ಕಷ್ಟದ ಕೆಲಸವಲ್ಲ. ಪರದೆಯ ಮೇಲಿನ ಪ್ರತಿ ಚುಕ್ಕಿಗೂ ಎರಡು ಸಂಖ್ಯೆಯ ವಿಳಾಸವಿರುತ್ತದೆ: ಎಡ ಅಂಚಿನಿಂದ ಎಷ್ಟು ದೂರ, ಮೇಲಂಚಿನಿಂದ ಎಷ್ಟು ಕೆಳಗೆ. ವಿಳಾಸ ಹೇಳಿದರೆ ಬಾಣ ಅಲ್ಲಿಗೆ ಹೋಗುತ್ತದೆ. ಮೊದಲ ದಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಪ್ಪೆಯ ಹಾಗೆ ನೆಗೆಯುತ್ತಿತ್ತು. ನಡುವಿನ ದೂರವನ್ನು ಸಣ್ಣ ಸಣ್ಣ ಪಾಲು ಮಾಡಿ, ಪಾಲು ಪಾಲಿಗೂ ಚೂರು ಬಿಡುವು ಕೊಟ್ಟಾಗ ನೀರಿನ ಮೇಲೆ ಎಲೆ ಸರಿದ ಹಾಗೆ ಸರಿಯಿತು. ಆದರೆ ಹಾಗೆ ಅಡ್ಡಡ್ಡ ಸರಿಯುವಾಗ ಪುಟದ ಮೇಲಿನ ಮೆನು ಪಟ್ಟಿಗಳನ್ನು ತಾಕಿ, ಅವು ತಾವಾಗಿ ತೆರೆದುಕೊಂಡು ಮುಚ್ಚಿಕೊಂಡು, ಗಾಳಿಗೆ ಬಡಿಯುವ ಕಿಟಕಿಗಳಂತೆ ಗಲಾಟೆ. ಖಾಲಿ ಜಾಗದಲ್ಲೇ ಇರಬೇಕು, ಆದರೂ ನಿಲ್ಲಬಾರದು. ಹಾಗಾದರೆ ವೃತ್ತ. ಕಣದ ನಡುವೆ ಮೇಟಿ ಕಂಬ ನೆಟ್ಟು ಹಗ್ಗ ಕಟ್ಟಿ ಎತ್ತು ಸುತ್ತಿಸುತ್ತಾರಲ್ಲ, ಅಷ್ಟೆ. ಒಂದು ನಡು, ಒಂದು ಹಗ್ಗದ ಉದ್ದ, ಹೆಚ್ಚುತ್ತ ಹೋಗುವ ಒಂದು ಕೋನ. ಅಡ್ಡಕ್ಕೆ ಕೊಸೈನು, ಉದ್ದಕ್ಕೆ ಸೈನು. ಕೆಲವೇ ಚುಕ್ಕಿ ಕೊಟ್ಟಾಗ ಬಾಣ ಮೂಲೆ ಮೂಲೆಯಲ್ಲಿ ಮುಗ್ಗರಿಸಿತು. ಚುಕ್ಕಿ ಹೆಚ್ಚಿಸುತ್ತ ಹೋದೆ. ಮೂಲೆಗಳು ಕರಗಿ ದುಂಡಾಯಿತು.

ಆ ಕ್ಷಣ ಕರೆಂಟು ಹೋಗಿ, ಯುಪಿಎಸ್ಸು ಕೀಚ್ ಕೀಚ್ ಎನ್ನುತ್ತಿದ್ದಾಗ, ಕತ್ತಲಾದ ಅಂಗಡಿಯಲ್ಲಿ ಪರದೆಯೊಂದೇ ಬೆಳ್ಳಗೆ, ಅದರೊಳಗೆ ಬಾಣ ಸುತ್ತುತ್ತಿತ್ತು ಎಂದು ನನಗೆ ನೆನಪು. ಕರೆಂಟು ಹೋದದ್ದು ಬೇರೆ ದಿನವಿರಬಹುದು. ನೆನಪು ಇಂಥ ಕೆಲಸ ಮಾಡುತ್ತದೆ, ಚೆಂದ ಕಾಣಲೆಂದು ದೀಪ ಆರಿಸುತ್ತದೆ.

ಒಂದು ವಿಷಯ ಮಾತ್ರ ನನ್ನನ್ನು ಕೆರಳಿಸಿತು. ಪುಸ್ತಕದಲ್ಲಿ ಕೋನ ಹೆಚ್ಚುವುದು ಎಡಕ್ಕೆ, ಗಡಿಯಾರದ ಮುಳ್ಳಿಗೆ ಎದುರಾಗಿ. ಪರದೆಯಲ್ಲಿ ಉದ್ದವನ್ನು ಮೇಲಿನಿಂದ ಕೆಳಕ್ಕೆ ಎಣಿಸುವುದರಿಂದ ನನ್ನ ವೃತ್ತ ಬಲಕ್ಕೆ ಸುತ್ತುತ್ತಿತ್ತು. ನೋಡುವವರಿಗೆ ಏನೂ ಅಲ್ಲ. ಆದರೆ ಆಗಷ್ಟೇ ಡಿಗ್ರಿ ಮುಗಿಸಿದವಳ ಕಣ್ಣಿಗೆ ಅದು ಅಂಗಿಯನ್ನು ತಿರುವಿ ಹಾಕಿಕೊಂಡ ಹಾಗೆ ಕಂಡಿತು. ಸೈನಿನ ಮುಂದೆ ಒಂದು ಋಣ ಚಿಹ್ನೆ ಹಾಕಿದೆ. ಬಾಣ ಪುಸ್ತಕದಂತೆ ಎಡಕ್ಕೆ ಸುತ್ತಿತು.

ಊರಿನವರು ಅದಕ್ಕೆ ಬೇಗ ಒಗ್ಗಿಕೊಂಡರು. ಬೆರಗೇನೂ ಪಡಲಿಲ್ಲ. "ಗಾಣದೆತ್ತು ಬಂತು ಕಣ್ರಪ್ಪ, ಇನ್ ನಾವ್ಯಾರೂ ತೊಳಸೋ ಅಂಗಿಲ್ಲ" ಅಂದರು. ಒಬ್ಬರು ಅದಕ್ಕೆ ಹುಲ್ಲು ಹಾಕಿದ್ದೀಯಾ ಎಂದು ಕೇಳಿದರು. ಅದು ಯಾವ ಕಡೆಗೆ ಸುತ್ತುತ್ತಿದೆ ಎಂದು ಯಾರೂ ನೋಡಲಿಲ್ಲ, ಚಂದ್ರಕ್ಕ ಬರುವ ತನಕ.

ಚಂದ್ರಕ್ಕ ಮೊದಲ ಸಲ ಬಂದಾಗ ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡಿದ್ದರು. ಬ್ಯಾರನ್ನಿಗೆ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವ ಕೆಲಸ ಅವರದು. ಸೊಪ್ಪಿನ ಅಂಟು ಹತ್ತಿ ಬೆರಳು ಕಪ್ಪಾಗಿ, ಉಜ್ಜಿದರೂ ಹೋಗದೆ, ಉಗುರಿನ ಸುತ್ತ ನಿಂತಿರುತ್ತಿತ್ತು.

"ಸೈನ್ ಎಲ್ಗಾಕ್ಬೇಕು ಹೇಳವ್ವ. ಪೆನ್ನು ನಂದೇ ತಂದಿವ್ನಿ, ನಿಮ್ದಕ್ಕೆ ಅಂಟಾಯ್ತದೆ" ಅಂದರು.

ಊರಿನ ಅಂಗನವಾಡಿಯ ಹಳೆಯ ಟೀಚರು ನಿವೃತ್ತರಾಗಿದ್ದರು. ಆ ಜಾಗಕ್ಕೆ ಆ ಊರಿನ ಹೆಂಗಸೇ ಆಗಬೇಕು, ಓದಿರಬೇಕು, ವಯಸ್ಸು ಮೀರಿರಬಾರದು. ಚಂದ್ರಕ್ಕ ಮದುವೆಯಾಗಿ ಮಕ್ಕಳಾದ ಮೇಲೆ ಖಾಸಗಿಯಾಗಿ ಕೂತು ಪಿಯುಸಿ ಪಾಸು ಮಾಡಿಕೊಂಡವರು. ವಯಸ್ಸು ಮಾತ್ರ ಆ ವರ್ಷಕ್ಕೆ ಮುಗಿಯುತ್ತಿತ್ತು. ಈ ಸಲ ತಪ್ಪಿದರೆ ಇನ್ನೆಂದೂ ಇಲ್ಲ. ಗಂಡ ಪಿರಿಯಾಪಟ್ಟಣದ ಕಡೆ ಲಾರಿ ಓಡಿಸುತ್ತಿದ್ದರು. ಅರ್ಜಿ ಹಾಕೆಂದು ಬೆನ್ನು ಹತ್ತಿದ್ದವರು ಅತ್ತೆ ಪುಟ್ಟಮ್ಮ.

"ಸೊಪ್ಪಿನ ಗಾಟು ಕುಡ್ದು ಕುಡ್ದು ಇವ್ಳು ದಿನಾ ತಲೆ ಸುತ್ತು ಅಂತ ಬೀಳ್ತಾಳೆ. ಮಕ್ಕಳ್ ಜೊತೆ ಮಣ್ಣಲ್ ಆಡ್ಕಂಡಿರ್ಲಿ ಬುಡು" ಎಂದು ಪುಟ್ಟಮ್ಮ ನನಗೆ ಹೇಳಿದರು. ಆಮೇಲೆ ಸೊಸೆಗೆ ಕೇಳುವಂತೆ, "ಓದಿದ್ದು ಬೂಸ್ಲು ಇಡಿಯೋಕ್ ಮುಂಚೆ" ಎಂದು ಸೇರಿಸಿದರು.

ವಾಸಸ್ಥಳದ ಸರ್ಟಿಫಿಕೇಟು ಬರುವುದು ತಡವಾಯಿತು. ಅದು ಬಂದಾಗ ಗಾಳಿಗೆ ಮರ ಬಿದ್ದು ಇಂಟರ್ನೆಟ್ಟಿನ ತಂತಿ ಹರಿದಿತ್ತು. ತಂತಿ ಸರಿಹೋದದ್ದು ಕಡೆಯ ದಿನ ಮಧ್ಯಾಹ್ನದ ಮೇಲೆ. ಸಂಜೆಗೆ ಅರ್ಜಿಯ ಪುಟವೇ ಮುಚ್ಚುತ್ತಿತ್ತು.

ಪುಟ್ಟಮ್ಮ ಸೊಸೆಯ ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಸಿಕ್ಕಿಸಿಕೊಂಡು, ಗೊಪ್ಪೆ ಹಾಕಿಕೊಂಡರು. ಹೊಲದಲ್ಲಿ ಅಟ್ಟಣೆ ಮೇಲೆ ಕೂತು ಹಂದಿ, ಆನೆ ಕೂಗಿ ಓಡಿಸಿದ ಗಂಟಲು ಅವರದು. ಊರಿನಲ್ಲಿ ಎಲ್ಲರ ಓಟಿಪಿಗೂ ಅವರಿಗೇ ಬೇಡಿಕೆ.

"ಪುಟ್ಟಕ್ಕ, ಏರಿ ಜಾರ್ತದೆ, ನಿಧಾನ. ನನ್ ಕೈ ನೋಡಿ" ಅಂದಳು ಚಿಕ್ಕಮ್ಮ.

"ನಿನ್ ಕೈ ನೋಡ್ಕಂಡ್ ಹತ್ತುದ್ರೆ ನಾನೂ ಜಾರ್ತೀನಿ. ಸುಮ್ಕಿರು" ಎಂದು ಪುಟ್ಟಮ್ಮ ಮಳೆಯೊಳಗೆ ಹೋದರು.

ಅರ್ಜಿ ತುಂಬಿ, ಓಟಿಪಿ ಕೇಳಿ, ಬಾಣವನ್ನು ಸುತ್ತಲು ಬಿಟ್ಟೆ. ನಾನೂ ಚಂದ್ರಕ್ಕನೂ ಒಂದೇ ಬೆಂಚಿನ ಮೇಲೆ ಕೂತು ನೋಡಿದೆವು. ಚಿಕ್ಕಮ್ಮ ಬಾಗಿಲಲ್ಲಿ ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದಳು. ಹೆಂಚಿನ ಮೇಲೆ ಮಳೆ ಒಂದೇ ಸಮ. ಚಂದ್ರಕ್ಕನ ಸೀರೆಯಿಂದ ಸೊಪ್ಪಿನ ವಾಸನೆ, ಬೆಲ್ಲದ್ದು, ಗೋಣಿಚೀಲದ್ದು. ಬಾಣ ಸುತ್ತುತ್ತಿತ್ತು. ನೋಡುತ್ತ ನೋಡುತ್ತ ಅದರ ನಡುವೆ ಏನೋ ಇದೆ ಎನ್ನಿಸತೊಡಗುತ್ತದೆ. ಏನೂ ಇರುವುದಿಲ್ಲ. ಖಾಲಿ ಬಿಳಿ ಜಾಗ. ಆದರೂ ಸುತ್ತು ಬರುತ್ತಿದ್ದರೆ ನಡುವಿನಲ್ಲಿ ಏನೋ ನಿಂತುಬಿಡುತ್ತದೆ.

"ಇದ್ಯಾಕವ್ವ ಇಂಗೆ ಸುತ್ತದೆ?" ಅಂದರು ಚಂದ್ರಕ್ಕ.

"ಪುಟ ಮುಚ್ಚಬಾರದಲ್ಲ, ಅದಕ್ಕೆ."

"ಅದ್ ಗೊತ್ತು. ಎಡಕ್ಯಾಕೆ ಸುತ್ತದೆ?"

"ಗಣಿತದಲ್ಲಿ ಹಾಗೇ ಚಂದ್ರಕ್ಕ. ಕೋನ ಎಡಕ್ಕೇ ಬೆಳೆಯೋದು."

ಅವರು ಬೆರಳಿನಿಂದ ಗಾಳಿಯಲ್ಲಿ ಅದೇ ಸುತ್ತು ಬರೆದು ನೋಡಿದರು. "ನಮ್ಮಪ್ಪ ಸತ್ತಾಗ ನಮ್ಮಣ್ಣ ಮಡಕೆ ಹೊತ್ಕಂಡು ಸೌದೆ ಸುತ್ತ ಬಂದಿದ್ದು ಇಂಗೇ. ಗುಡೀಲಿ ಇಂಗ್ ಸುತ್ತುದ್ರೆ ಪೂಜಾರಪ್ಪ ರಟ್ಟೆ ಹಿಡ್ದು ತಿರುಗ್ಸ್ತಾನೆ. ನನ್ ಅರ್ಜಿ ಮೇಲೆ ಬ್ಯಾಡ ಕಣವ್ವ ಇದು."

ಈ ಮಾತನ್ನೇ ನಾನು ವರ್ಷವರ್ಷವೂ ಪುಟ್ಟಮ್ಮನ ಬಾಯಿಗೆ ಹಾಕಿದ್ದೇನೆ. ಮುದುಕಿಯ ಬಾಯಲ್ಲಿ ಅದು ಹೆಚ್ಚು ಒಪ್ಪುತ್ತದೆ, ನಗು ಬರುತ್ತದೆ. ಪಿಯುಸಿ ಓದಿದ ಹೆಂಗಸು, ತನ್ನ ಬದುಕಿನ ಒಂದೇ ಅರ್ಜಿಯ ಮುಂದೆ ಕೂತು, ತಗ್ಗಿದ ದನಿಯಲ್ಲಿ ಹೇಳಿದರೆ ನಗು ಬರುವುದಿಲ್ಲ.

"ಒಂದು ಗೀಟು ತೆಗೆದರೆ ಆಯ್ತು" ಎಂದೆ. ಬಾಣ ನಿಲ್ಲಿಸಿದೆ, ಬರೆದಿಟ್ಟಿದ್ದ ಸಾಲುಗಳ ಕಿಟಕಿ ತೆರೆದೆ, ಸೈನಿ‌ನ ಮುಂದಿನ ಋಣ ಚಿಹ್ನೆ ಅಳಿಸಿದೆ. ಅಳಿಸಿ ಮರಳಿ ಬರುವಷ್ಟರಲ್ಲಿ ಅರ್ಜಿಯ ಪುಟ ಮುಚ್ಚಿತ್ತು. ನಿಮ್ಮ ಸಮಯ ಮುಗಿದಿದೆ, ಮತ್ತೆ ಒಳಬನ್ನಿ ಎಂದು ಬರೆದಿತ್ತು. ಅದೇ ಹೊತ್ತಿಗೆ ಏರಿಯ ಮೇಲಿನಿಂದ, ಮಳೆಯನ್ನು ಸೀಳಿಕೊಂಡು: "ಓ ರತ್ನಾ! ಬಂತು ಕಣೇ! ಬರ್ಕೋ! ನಾಕೂ... ಒಂದೂ..."

ಚಿಕ್ಕಮ್ಮ ಪ್ಲಾಸ್ಟರು ಮುಂದೆ ಚಾಚಿಕೊಂಡು ಓಡಿ ಬಂದಳು. ನನ್ನ ಮುಖ ನೋಡಿದಳು. ಚಂದ್ರಕ್ಕ ಪರದೆಯನ್ನೇ ನೋಡುತ್ತಿದ್ದರು, ಕೈ ಮತ್ತೆ ಸೆರಗಿನೊಳಗೆ ಹೋಗಿತ್ತು.

"ಇನ್ನೊಂದು ಕೇಳ್ತೀನಿ ಚಿಕ್ಕಮ್ಮ. ಅವರನ್ನ ಅಲ್ಲೇ ಇರೋಕೆ ಹೇಳು."

ಚಿಕ್ಕಮ್ಮ ಬಾಗಿಲಿಗೆ ಹೋಗಿ ಕೂಗಿದಳು. "ಪುಟ್ಟಕ್ಕಾ! ಅಲ್ಲೇ ನಿಂತಿರಿ! ಇನ್ನೊಂದ್ ಬತ್ತದೆ!"

ಏರಿಯಿಂದ ಉತ್ತರ ಬಂತು. "ಯಾಕೇ? ಮೊದ್ಲುದ್ದ ತಿಂದ್ಬುಟ್ರಾ?"

ಮತ್ತೆ ಮೊದಲಿನಿಂದ ತುಂಬಿದೆ. ಅಪ್ಪನ ಹೆಸರು, ಊರು, ಹುಟ್ಟಿದ ದಿನ. ಸರ್ಟಿಫಿಕೇಟು ಪುಟದೊಳಕ್ಕೆ ಏರುವುದು ಏರಿ ಹತ್ತುವುದಕ್ಕಿಂತ ನಿಧಾನವಾಗಿತ್ತು. ಹೊರಗೆ ಬೆಳಕು ಬೂದಿಯ ಬಣ್ಣಕ್ಕೆ ಇಳಿಯುತ್ತಿತ್ತು. ಓಟಿಪಿ ಕೇಳಿದೆ, ಬಾಣ ಬಿಟ್ಟೆ. ಈ ಸಲ ಅದು ಬಲಕ್ಕೆ ಸುತ್ತಿತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪರದೆಯ ಬಲಗಡೆಯಿಂದ ಕೆಳಕ್ಕೆ, ಕೆಳಗಿನಿಂದ ಎಡಕ್ಕೆ, ಎಡದಿಂದ ಮೇಲಕ್ಕೆ. ದೇವರಿಗೆ ಬಲ ಬರುವ ಹಾಗೆ. ಪಕ್ಕದಲ್ಲಿ ಚಂದ್ರಕ್ಕ ಏನೂ ಅನ್ನಲಿಲ್ಲ. ಸಮಾಧಾನವಾಯಿತು ಎಂದುಕೊಂಡೆ.

ಪುಟ್ಟಮ್ಮ ಮತ್ತೆ ಕೂಗಿದರು, ಒಂದೊಂದೇ ಅಂಕಿ, ಹಂದಿ ಓಡಿಸುವ ರಾಗದಲ್ಲಿ ಕೊನೆ ಎಳೆದು. ಚಿಕ್ಕಮ್ಮ ಮಣಿಕಟ್ಟು ತೋರಿಸಿದಳು. ನಾನು ಕೀಲಿಮಣೆಯಲ್ಲಿ ಒತ್ತಿದೆ. ಇನ್ನು 'ಸಲ್ಲಿಸಿ' ಎಂಬ ಗುಂಡಿ ಒಂದು ಉಳಿದಿತ್ತು. ಅದು ಪುಟದ ಕೆಳಗೆ ಎಲ್ಲೋ ಇತ್ತು. ಬಾಣವನ್ನು ಅತ್ತ ಎಳೆದರೆ ಕೈಯಿಂದ ಜಾರಿ ತನ್ನ ಸುತ್ತಿಗೆ ಓಡಿಹೋಗುತ್ತಿತ್ತು. ಎಳೆದೆ, ಓಡಿತು. ಎಳೆದೆ, ಓಡಿತು.

"ನಿಲ್ಸಿಬಿಡ್ಲಾ?" ಎಂದೆ.

"ಬ್ಯಾಡ!" ಅಂದರು ಇಬ್ಬರೂ ಒಟ್ಟಿಗೆ. ಆಗಷ್ಟೇ ನಿಲ್ಲಿಸಿದ್ದಕ್ಕೆ ಏನಾಯಿತೆಂದು ನೋಡಿದ್ದರು. ನನ್ನ ಕೈಗೂ ಧೈರ್ಯವಿರಲಿಲ್ಲ.

ಆಗ ಯಾರೋ, "ಎತ್ ನಿಲ್ಲುಸ್ಬ್ಯಾಡ, ಹುಲ್ಲ ಕಾಲ್ಗೆ ತಳ್ಳು" ಅಂದರು. ಕಣ ತುಳಿಸುವಾಗ ಹಾಗೇ ಮಾಡುವುದು. ಸುತ್ತುವ ಎತ್ತನ್ನು ನಿಲ್ಲಿಸುವುದಿಲ್ಲ, ಹುಲ್ಲನ್ನೇ ಅದರ ದಾರಿಗೆ ನೂಕುತ್ತಾರೆ. ಚಿಕ್ಕಮ್ಮ ಅಂದಳೋ, ಚಂದ್ರಕ್ಕ ಅಂದರೋ, ಯಾರೂ ಅನ್ನದೆ ನಾನೇ ಆಮೇಲೆ ಪಾಠಕ್ಕೆ ಬೇಕೆಂದು ಹೊಲಿದುಕೊಂಡೆನೋ, ಈಗ ಪ್ರಮಾಣ ಮಾಡಲಾರೆ. ಮಾಡಿದ್ದು ಮಾತ್ರ ಅದನ್ನೇ. ಬಾಣ ಸುತ್ತುತ್ತಲೇ ಇರಲಿ ಎಂದು ಬಿಟ್ಟು, ಮೌಸಿನ ಗಾಲಿಯನ್ನು ಬೆರಳಲ್ಲಿ ಉರುಳಿಸಿದೆ. ಪುಟ ಮೇಲಕ್ಕೆ ಸರಿಯಿತು. ಅದರ ಜೊತೆ ಗುಂಡಿಯೂ ಮೇಲೆ ಬಂತು, ಇಷ್ಟಿಷ್ಟೇ, ವೃತ್ತದ ಅಂಚಿನ ಅಡಿಗೆ ಬಂದು ನಿಂತಿತು. ಬಾಣ ಒಂದು ಸುತ್ತಿಗೊಮ್ಮೆ ಅದರ ಮೇಲೆ ಹಾದುಹೋಗುತ್ತಿತ್ತು.

"ಅರ್ಜಿ ನಿಮ್ಮದು. ನೀವೇ ಒತ್ತಿ ಚಂದ್ರಕ್ಕ."

"ನನ್ ಕೈ ಅಂಟು."

"ಅಂಟಲಿ."

ಗಾಲಿಯ ಮೇಲೆ ನನ್ನ ಬೆರಳು, ಅದರ ಪಕ್ಕದಲ್ಲಿ ಮೌಸಿನ ಎಡ ಗುಂಡಿಯ ಮೇಲೆ ಅವರ ಕಪ್ಪು ಬೆರಳು. ಒಂದು ಸಲ ಬಾಣ ಹಾದ ಮೇಲೆ ಒತ್ತಿದರು. ಇನ್ನೊಂದು ಸಲ ಬರುವ ಮುಂಚೆ. ಹಗ್ಗದಾಟದಲ್ಲಿ ಹೆಣ್ಣುಮಕ್ಕಳು ಹಗ್ಗದೊಳಕ್ಕೆ ನೆಗೆಯಲು ಮೈ ತೂಗುತ್ತಾರಲ್ಲ, ಹಾಗೆ ಅವರು ತೂಗುತ್ತಿದ್ದರು. ತುಟಿ ಏನೋ ಎಣಿಸುತ್ತಿತ್ತು. ಆಮೇಲೆ ಟಕ್ ಎಂದಿತು. ಪುಟ ಬಿಳುಚಿತು, ತಡೆಯಿತು, ಹಸಿರಾಯಿತು. ನಿಮ್ಮ ಅರ್ಜಿ ಸ್ವೀಕೃತವಾಗಿದೆ.

ಅಷ್ಟರಲ್ಲಿ ಮಳೆ ನಿಂತಿತು ಎಂದು ಬರೆಯಲು ಕೈ ಹೋಗುತ್ತದೆ. ನಿಂತಿರಲಿಲ್ಲ. ಇನ್ನೂ ಜೋರಾಯಿತು. ಬಾಣ ಆ ಹಸಿರಿನ ಮೇಲೂ ಸುತ್ತುತ್ತಲೇ ಇತ್ತು, ನಾವು ಮೂವರೂ ಅದನ್ನು ನೋಡುತ್ತ ಕೂತೆವು. ಏರಿಯ ಮೇಲೊಬ್ಬರಿದ್ದಾರೆಂಬುದು ಮರೆತೇ ಹೋಯಿತು. ಕಡೆಗೆ ಪುಟ್ಟಮ್ಮ ತಾವೇ ಇಳಿದು ಬಂದರು, ಮೊಣಕಾಲ ತನಕ ಕೆಸರು.

"ಆಯ್ತಾ, ಇಲ್ವಾ? ಒಂದ್ ಮಾತ್ ಕೂಗಾದ್ ಬ್ಯಾಡ್ವಾ? ನಾನೇನ್ ಕೊಕ್ಕರೆನ, ಕೆರೆತಾವ ನಿಂತೇ ಇರಾಕೆ?"

ಚಂದ್ರಕ್ಕ ಎದ್ದು ಅತ್ತೆಯ ಗೊಪ್ಪೆ ತೆಗೆದು, ತಮ್ಮ ಸೆರಗಿನಿಂದ ಅವರ ತಲೆ ಒರೆಸಿದರು. ಪುಟ್ಟಮ್ಮ ಬೈಯುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಹಿಂದಕ್ಕೆ ತೆಗೆಯಲಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ನಾನು ಕೆ.ಆರ್. ನಗರಕ್ಕೆ ಮರಳಿದೆ, ಮುಂದೆ ಓದಲು ಮೈಸೂರಿಗೆ ಹೋದೆ. ಚಂದ್ರಕ್ಕನಿಗೆ ಆ ಕೆಲಸ ಸಿಕ್ಕಿತೆಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು, ಏರಿಯ ಮೇಲೆ ನಿಂತು.

ಈ ಸಲ ಬಸ್ಸಿಳಿದಾಗ ಗುಡ್ಡದ ಮೇಲೆ ಟವರು ಕಂಡಿತು. ಊರಿನ ತಗ್ಗಿನಲ್ಲಿ ನನ್ನ ಫೋನು ಕಿರ್ರೆಂದಿತು. ಎಲ್ಲರೂ ತಂತಮ್ಮ ಫೋನಿನಲ್ಲೇ ಅರ್ಜಿ ಹಾಕಿಕೊಳ್ಳುವುದರಿಂದ ಚಿಕ್ಕಮ್ಮ ಅಂಗಡಿ ಮುಚ್ಚಿ ಹೊಲಿಗೆ ಮಷೀನು ಇಡುವವಳಿದ್ದಳು. ಬೇಕಾದ್ದು ತಗೊಂಡು ಹೋಗು ಎಂದು ಕರೆಸಿದ್ದಳು. ಕಂಪ್ಯೂಟರು ಗುಜರಿಗೆ ಹೋಗಿತ್ತು, ನನ್ನ ಹತ್ತಾರು ಸಾಲು ಅದರ ಜೊತೆಗೆ. ಬುಟ್ಟಿಯಲ್ಲಿ ಮೌಸು ಇತ್ತು. ಎಡ ಗುಂಡಿಯ ಮೇಲೆ ಕಂದು ಕಲೆ. ಮೂಸಿ ನೋಡಿದೆ. ಪ್ಲಾಸ್ಟಿಕ್ಕಿನ ವಾಸನೆ. ಅದು ಸೊಪ್ಪಿನ ಅಂಟೇ ಇರಬಹುದು, ಯಾರದೋ ಬಿಸ್ಕತ್ತಿನ ಕೈಯೂ ಇರಬಹುದು.

ಅಂಗನವಾಡಿಯ ಜಗುಲಿಯಲ್ಲಿ ಪುಟ್ಟಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದರು. ಅಡುಗೆಗೆ ಹಾಕುವ ಸೊಪ್ಪು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. "ಹಿಟ್ಟು ತೊಳಸೋ ಅಮ್ಮಿ ಅಲ್ವಾ ನೀನು? ನೋಡು, ಟವರ್ ಬಂದ್ಮೇಲೆ ನನ್ ಗಂಟ್ಲುಗೆ ಕೆಲ್ಸಾನೇ ಇಲ್ಲ" ಅಂದರು. ದನಿ ಇಳಿದಿತ್ತು.

ಚಂದ್ರಕ್ಕ ಅಂಗಳದಲ್ಲಿದ್ದರು. ಕನ್ನಡಕ ಬಂದಿತ್ತು. ಬೆರಳುಗಳಲ್ಲಿ ಸೀಮೆಸುಣ್ಣ. ಸುತ್ತ ಮಕ್ಕಳು ಕೈ ಕೈ ಹಿಡಿದು ವೃತ್ತವಾಗಿ ಓಡುತ್ತಿದ್ದವು, ನಡುವೆ ಅವರು. ನಾನು ಹೋಗಿ ಮಾತಾಡಿಸಿ, ಆ ದಿನದ ಕಥೆ ತೆಗೆದು, ಎಡಕ್ಕೆ ಬೇಡವೆಂದದ್ದು ನೀವೇ ಅಲ್ಲವಾ ಎಂದು ಕೇಳಿದೆ.

"ನಾನೇ. ಇನ್ಯಾರು ಅಂತಾರೆ? ಅತ್ತೆ ಏರಿ ಮೇಲಿತ್ತಲ್ಲ."

"ಆಮೇಲೆ ತಿರುಗಿಸಿದ್ವಲ್ಲ, ಬಲಕ್ಕೆ."

ಚಂದ್ರಕ್ಕ ನನ್ನನ್ನು ನೋಡಿದರು. "ಎಲ್ಲಿ ತಿರುಗ್ತು ವನಜವ್ವ? ಎರಡ್ನೇ ಸಲಾನೂ ಅದು ಎಡಕ್ಕೇ ಸುತ್ತಿದ್ದು."

"ಇಲ್ಲ ಚಂದ್ರಕ್ಕ. ನಾನೇ ಗೀಟು ಅಳಿಸಿದೆ."

"ನೀನೇನ್ ಅಳಿಸ್ದೋ ನಂಗೊತ್ತಿಲ್ಲ. ಬಾಣ ಎಡಕ್ಕೇ ಸುತ್ತಿತ್ತು. ಕಣ್ ಮಿಟುಕಿಸ್ದೆ ನೋಡ್ತಾ ಕೂತಿದ್ನಲ್ಲ. ಒತ್ತಬೇಕಾದ್ರೆ ಅದು ಯಾವ್ ಕಡೆಯಿಂದ ಬತ್ತದೆ ಅಂತ ನಂಗ್ ಗೊತ್ತಿರ್ಬ್ಯಾಡ್ವಾ?"

ಅಳಿಸಿದ್ದನ್ನು ಸೇವ್ ಮಾಡುವ ಮೊದಲೇ ನಾನು ಹಳೆಯ ಸಾಲುಗಳನ್ನೇ ಓಡಿಸಿದ್ದಿರಬಹುದು. ಗಾಬರಿಯಲ್ಲಿ ಹಾಗಾಗುತ್ತದೆ. ಹಾಗಿದ್ದರೆ ನಾನು ಕಣ್ಣಾರೆ ಕಂಡದ್ದು ಏನು? ಬಲಗಡೆಯಿಂದ ಕೆಳಕ್ಕೆ, ಕೆಳಗಿನಿಂದ ಎಡಕ್ಕೆ: ಈಗಲೂ ಅದು ಕಣ್ಣ ಮುಂದೆ ಸುತ್ತುತ್ತಿದೆ.

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಮತ್ತೆ ನಿಲ್ಲಿಸ್ತಿದ್ದೆ." ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಕತ್ಲಾಯ್ತಾ ಇತ್ತು. ಅತ್ತೆ ಮಳೇಲಿತ್ತು. ಆದದ್ದಾಗ್ಲಿ ಅಂತ ಒತ್ತಿಬುಟ್ಟೆ. ಆಮೇಲೆ ತಿಂಗ್ಳಾನುಗಟ್ಲೆ ನಿದ್ದೆ ಇಲ್ಲ. ಕೆಲ್ಸ ಸಿಕ್ತು, ಆದ್ರೂ ಎಡಕ್ ಸುತ್ತಿ ಸಿಕ್ಕಿದ್ದು ಅಲ್ವಾ? ಅತ್ತೆಗೂ ಹೇಳಿಲ್ಲ."

ಜಗುಲಿಯ ಕಡೆ ನೋಡಿದೆ. ಪುಟ್ಟಮ್ಮ ಸೊಪ್ಪಿನೊಂದಿಗೆ ಏನೋ ಮಾತಾಡುತ್ತಿದ್ದರು.

"ಅದುಕ್ಕೇ ದಿನಾ ಬೆಳಿಗ್ಗೆ ಈ ಮಕ್ಕಳ್ ಕೈಲಿ ಬಲಕ್ಕೆ ಸುತ್ತುಸ್ತೀನಿ. ಆಟ ಅನ್ಕಂಡವೆ. ಆವತ್ತು ಸುತ್ತಿದ್ದನ್ನೆಲ್ಲ ಬಿಚ್ಚಬೇಕಲ್ಲ."

ಮಕ್ಕಳು ಓಡುತ್ತಿದ್ದವು. ಬಲಕ್ಕೆ. ಇದನ್ನಂತೂ ನಾನು ಎರಡು ಸಲ ನೋಡಿ ಖಚಿತ ಮಾಡಿಕೊಂಡೆ. ಚಂದ್ರಕ್ಕ ನನ್ನ ಕೈ ಹಿಡಿದು ಎಳೆದು, ಎರಡು ಪುಟ್ಟ ಕೈಗಳನ್ನು ಬಿಡಿಸಿ, ನಡುವೆ ಸೇರಿಸಿದರು. ಎರಡೂ ಕಡೆಯಿಂದ ಅಂಟಂಟು ಬೆರಳುಗಳು ನನ್ನನ್ನು ಹಿಡಿದುಕೊಂಡವು. ಕಾಲು ತಾನಾಗಿ ಓಡಿತು. ಜಗುಲಿ ಹೋಯಿತು, ಟವರಿನ ಗುಡ್ಡ ಬಂತು, ಕೆರೆ ಏರಿ ಬಂತು, ಹೊಂಗೆ ಮರ, ಮತ್ತೆ ಜಗುಲಿ. ಎಲ್ಲಿಂದಲೋ ಸಣ್ಣಗೆ ಬ್ಯಾರನ್ನಿನ ವಾಸನೆ.

"ಇನ್ನೆಷ್ಟು ಸುತ್ತು ಬಾಕಿ ಚಂದ್ರಕ್ಕ?" ಎಂದು ಏದುಸಿರಲ್ಲಿ ಕೇಳಿದೆ.

"ಎಣ್ಸಿದೋರ್ ಯಾರು?" ಅಂದರು ನಡುವಿನಿಂದ. "ಸುತ್ತು, ಸುತ್ತು. ನಿನ್ ಪಾಲೂ ಅದೆ."